ರಾಕ್ ಸಂಗೀತಕ್ಕೆ ವಯಸ್ಸಾದ ದಶಕ

ರಾಕ್ ಸಂಗೀತ ಸತ್ತಿತು ಎಂಬ ಸುದ್ದಿ ಹತ್ತು ವರ್ಷಕ್ಕೊಮ್ಮೆ ಹುಟ್ಟುತ್ತಲೇ ಇರುತ್ತದೆ. 2010ರಿಂದ 2019ರವರೆಗಿನ ದಶಕದಲ್ಲಿ ಮಾತ್ರ ಆ ಸುದ್ದಿಗೆ ಲೆಕ್ಕಪತ್ರದ ಬೆಂಬಲವೂ ಸಿಕ್ಕಿತು. ಅಮೆರಿಕದಲ್ಲಿ ಜನ ಏನು ಕೇಳುತ್ತಾರೆಂಬ ಲೆಕ್ಕ ಇಡುತ್ತಿದ್ದ ನೀಲ್ಸನ್ ಸಂಸ್ಥೆಯ 2017ರ ವರದಿಯಲ್ಲಿ ಹಿಪ್‌ಹಾಪ್ ಮತ್ತು ಆರ್ ಅಂಡ್ ಬಿ ಒಟ್ಟಾಗಿ ಮೊದಲ ಸಲ ರಾಕ್ ಅನ್ನು ಹಿಂದಿಕ್ಕಿದವು. ಮರುವರ್ಷ ಮೇ ತಿಂಗಳಲ್ಲಿ ಗಿಬ್ಸನ್ ಗಿಟಾರ್ ಕಂಪನಿ ದಿವಾಳಿ ಅರ್ಜಿ ಹಾಕಿತು. ಗಿಟಾರಿನ ಕಾಲ ಮುಗಿಯಿತೆಂದು ಹಲುಬಿದವರಿಗೆ, ಆ ಕಂಪನಿಯನ್ನು ಮುಳುಗಿಸಿದ್ದು ಗಿಟಾರಲ್ಲ, ಎಲೆಕ್ಟ್ರಾನಿಕ್ಸ್ ವ್ಯಾಪಾರಕ್ಕೆ ಕೈಹಾಕಿ ತಲೆಮೇಲೆ ಎಳೆದುಕೊಂಡ ಸಾಲ ಎಂಬ ವಿವರ ಬೇಕಿರಲಿಲ್ಲ.

ಬೆಂಗಳೂರಿನ ರಾಕ್ ಪ್ರಿಯರಿಗಂತೂ ಈ ಗದ್ದಲ ತಟ್ಟಲೇ ಇಲ್ಲ. ಅರಮನೆ ಮೈದಾನಕ್ಕೆ 2002ರಲ್ಲಿ ರೋಜರ್ ವಾಟರ್ಸ್ ಬಂದರು, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ಎಲ್ಲರೂ ಎಪ್ಪತ್ತು ಎಂಬತ್ತರ ದಶಕಗಳಲ್ಲೇ ಹೆಸರು ಗಳಿಸಿದವರು. ನಮ್ಮೂರಿನ ಬಹುಪಾಲು ಕಿವಿಗಳು ಇವತ್ತಿಗೂ ಅಲ್ಲೇ ಠಿಕಾಣಿ ಹೂಡಿವೆ. ಹೊಸ ರಾಕ್ ಎಂದರೆ ಮೂಗು ಮುರಿಯುವ ಈ ಗೆಳೆಯರನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಆ ದಶಕದ ನನ್ನ ಮೆಚ್ಚಿನ ಆಲ್ಬಮ್‌ಗಳಿಗೆ ಕ್ರಮಾಂಕ ಹಚ್ಚಲು ಹೊರಟಿದ್ದೇನೆ. ಕ್ರಮಾಂಕ ಎಂದಮೇಲೆ ಜಗಳ ಬಂದೇ ಬರುತ್ತದೆ, ಬರಲಿ.

ನನ್ನ ಅಳತೆಗೋಲು ಇಷ್ಟು. ಹದಿಹರೆಯದ ಸೊಕ್ಕಿನಲ್ಲಿ ಹುಟ್ಟಿದ ಸಂಗೀತ ಇದು. ಅದಕ್ಕೆ ಸಿಟ್ಟು ಗೊತ್ತಿತ್ತು, ಕಾಮ ಗೊತ್ತಿತ್ತು. ಮುಪ್ಪು, ಶೋಕ, ಸತ್ತವರ ಮನೆಯ ಸಾಮಾನು ಇವೆಲ್ಲ ಅಷ್ಟಾಗಿ ಗೊತ್ತಿರಲಿಲ್ಲ. ಮಾರುಕಟ್ಟೆ ಕೈಬಿಟ್ಟ ಈ ದಶಕದಲ್ಲಿ ರಾಕ್ ಅವನ್ನು ಕಲಿತಿತು. ರೇಡಿಯೊದಲ್ಲಿ ಹಿಟ್ ಆಗುವ ಆಸೆಯೇ ಉಳಿಯದಿದ್ದಾಗ ಐದು ನಿಮಿಷ ತಾಳವಿಲ್ಲದೆ ಹಾಡಬಹುದು, ನೂರು ವರ್ಷದ ಹಿಂದಿನ ಯುದ್ಧದ ಬಗ್ಗೆ ಒಂದು ಇಡೀ ಆಲ್ಬಮ್ ಮಾಡಬಹುದು. ಈ ಕಲಿಕೆ ಎಲ್ಲಿ ಆಳಕ್ಕಿಳಿದಿದೆಯೋ ಆ ಆಲ್ಬಮ್‌ಗಳು ನನ್ನ ಪಟ್ಟಿಯಲ್ಲಿ ಮೇಲಿವೆ.

ಎಲ್ಲರ ಪಟ್ಟಿಯಲ್ಲೂ ಇರುವ ಡೇವಿಡ್ ಬೋವಿಯ ‘ಬ್ಲ್ಯಾಕ್‌ಸ್ಟಾರ್’ ನನ್ನಲ್ಲಿ ಎರಡನೆಯದು. ಅದರ ಕಥೆ ಗೊತ್ತಿರುವಂಥದ್ದೇ. 2016ರ ಜನವರಿ 8ರಂದು, ತನ್ನ 69ನೇ ಹುಟ್ಟುಹಬ್ಬದ ದಿನ, ಬೋವಿ ಅದನ್ನು ಬಿಡುಗಡೆ ಮಾಡಿದ. ಎರಡು ದಿನ ಕಳೆದು ಲಿವರ್ ಕ್ಯಾನ್ಸರ್‌ನಿಂದ ತೀರಿಕೊಂಡ. ಕಾಯಿಲೆಯ ಗುಟ್ಟು ಹತ್ತಿರದ ಕೆಲವರಿಗಷ್ಟೇ ಗೊತ್ತಿತ್ತು. ಏಳು ಹಾಡುಗಳನ್ನು ಕೇಳಿ ಮುಗಿಸುವ ಮೊದಲೇ ಜನರಿಗೆ ಅದರ ಅರ್ಥ ಬದಲಾಗಿಹೋಯಿತು. ಅಲ್ಲಿಯವರೆಗೆ ಬೋವಿಯ ಒಂದು ಆಲ್ಬಮ್ಮೂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿರಲಿಲ್ಲ. ಇದು ಏರಿತು.

ಇಂಥ ಕಥೆಯಿರುವ ಕೃತಿಯನ್ನು ಅನುಮಾನದಿಂದಲೇ ಕೇಳಬೇಕು. ಸಾವನ್ನು ತೆಗೆದಿಟ್ಟರೂ ಇದು ನಿಲ್ಲುತ್ತದೆಯೇ? ನಿಲ್ಲುತ್ತದೆ, ಮುಖ್ಯವಾಗಿ ಡ್ರಮ್ಸ್‌ನಿಂದ. ಬೋವಿ ತನ್ನ ಹಳೆಯ ರಾಕ್ ಸಂಗಾತಿಗಳನ್ನು ಕರೆಯಲಿಲ್ಲ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನ ‘55 ಬಾರ್’ ಎಂಬ ಪುಟ್ಟ ಜಾಗದಲ್ಲಿ ಸ್ಯಾಕ್ಸೊಫೋನ್ ವಾದಕ ಡಾನಿ ಮೆಕ್‌ಕಾಸ್ಲಿನ್ ತಂಡವನ್ನು ಕೇಳಿ, ಆ ಜಾಝ್ ಹುಡುಗರನ್ನೇ ಸ್ಟುಡಿಯೊಗೆ ಕರೆತಂದ. ಮಾರ್ಕ್ ಗಿಲಿಯಾನಾ ಕೈಯಲ್ಲಿ ಡ್ರಮ್ಸ್ ಯಂತ್ರದಷ್ಟು ಕರಾರುವಾಕ್ಕು, ಆದರೆ ಯಂತ್ರ ಎಂದೂ ನುಡಿಸದ ಜಾಗದಲ್ಲಿ ಪೆಟ್ಟು ಬೀಳುತ್ತದೆ. ಎರಡನೆಯ ಹಾಡು ಶುರುವಾಗುವ ಮುನ್ನ ಬೋವಿ ಜೋರಾಗಿ ಉಸಿರೆಳೆದು ಬಿಡುವುದು ಮೈಕಿನಲ್ಲಿ ಸಿಕ್ಕಿಬಿದ್ದಿದೆ. ಅದನ್ನು ಅಳಿಸುವುದು ಕ್ಷಣದ ಕೆಲಸ, ಅವರು ಉಳಿಸಿಕೊಂಡರು. ಕೊನೆಯ ಹಾಡಿನ ಮೌತ್ ಆರ್ಗನ್ 1977ರ ‘ಲೋ’ ಆಲ್ಬಮ್ಮಿನ ಒಂದು ವಾದ್ಯಕೃತಿಯನ್ನು ನೆನಪಿಸುತ್ತದೆ. ಇಲ್ಲಿ ಗೋಳಾಟವಿಲ್ಲ, ಲೆಕ್ಕ ಚುಕ್ತಾ ಮಾಡುವ ಒಬ್ಬ ಕುಶಲಕರ್ಮಿಯ ತಣ್ಣನೆಯ ಗಮನವಿದೆ. ಮೊದಲ ಸ್ಥಾನ ಯಾಕಿಲ್ಲ ಎಂದರೆ ನಡುವಿನ ಎರಡು ಹಾಡುಗಳು ಬರೀ ಜಾಣತನದವು. ಇದೇ ಆಲ್ಬಮ್ಮಿನ ‘ಲಾಜರಸ್’ ಹಾಡಿನ ವಿಡಿಯೊದಲ್ಲಿ ಕಣ್ಣಿಗೆ ಬಟ್ಟೆ ಸುತ್ತಿ, ಮೇಲೆ ಗುಂಡಿ ಹೊಲಿದುಕೊಂಡು ಆಸ್ಪತ್ರೆ ಮಂಚದ ಮೇಲೆ ಹೊರಳುವ ಬೋವಿಯ ಚಿತ್ರ ಅಷ್ಟು ಗಟ್ಟಿ ಇರುವುದರಿಂದ ಆ ಎರಡು ನಮ್ಮ ಗಮನ ತಪ್ಪಿಸಿಕೊಂಡು ಪಾರಾಗುತ್ತವೆ.

ಮೊದಲ ಸ್ಥಾನ ಪಿ.ಜೆ. ಹಾರ್ವಿಯ ‘ಲೆಟ್ ಇಂಗ್ಲೆಂಡ್ ಶೇಕ್’ಗೆ. 2011ರ ಆಲ್ಬಮ್. ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಈಪ್ ಎಂಬ ಕಡಲ ತೀರದ ಊರಿನ ಹಳೆಯ ಚರ್ಚೊಂದರಲ್ಲಿ ಇದನ್ನು ರೆಕಾರ್ಡ್ ಮಾಡಿದರು. ಅದೇ ವರ್ಷ ಇದಕ್ಕೆ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಬಂತು. 2001ರಲ್ಲೂ ಅದನ್ನು ಗೆದ್ದಿದ್ದ ಹಾರ್ವಿ ಎರಡು ಸಲ ಪಡೆದ ಮೊದಲ ಕಲಾವಿದೆಯಾದಳು. ತೊಂಬತ್ತರ ದಶಕದಲ್ಲಿ ಗಿಟಾರನ್ನು ಕಚ್ಚಿ ಹರಿಯುವಂತೆ ನುಡಿಸುತ್ತಿದ್ದವಳು ಇವಳೇನಾ ಎನ್ನಿಸುತ್ತದೆ. ಇಲ್ಲಿ ಅವಳ ಕೈಯಲ್ಲಿರುವುದು ಹೆಚ್ಚಾಗಿ ಆಟೋಹಾರ್ಪ್. ನಮ್ಮ ಸ್ವರಮಂಡಲದ ದೂರದ ನೆಂಟನಂಥ ತಂತಿಪೆಟ್ಟಿಗೆ. ದನಿಯನ್ನೂ ತನ್ನ ಸಹಜ ಸ್ಥಾಯಿಯಿಂದ ಮೇಲಕ್ಕೆತ್ತಿ, ತೆಳುವಾಗಿಸಿ, ಊರ ಸುದ್ದಿ ಹೇಳುವ ಹುಡುಗಿಯಂತೆ ಹಾಡುತ್ತಾಳೆ. ಹೇಳುವ ಸುದ್ದಿಯಾದರೋ ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ ತುರ್ಕಿಯ ಗ್ಯಾಲಿಪೊಲಿಯಲ್ಲಿ ಛಿದ್ರವಾದ ದೇಹಗಳದ್ದು.

ಹಾರ್ವಿಯ ಜಾಣ್ಮೆ ಎಲ್ಲಿದೆಯೆಂದರೆ, ಯುದ್ಧ ಕೆಟ್ಟದ್ದು ಎಂದು ಆಕೆ ಎಲ್ಲೂ ಹೇಳುವುದಿಲ್ಲ. ‘ದಿ ಗ್ಲೋರಿಯಸ್ ಲ್ಯಾಂಡ್’ ಕೇಳಿ. ಹಾಡು ತನ್ನ ಪಾಡಿಗೆ ಹೊರಟಿರುವಾಗ ಸೈನ್ಯದ ಬ್ಯೂಗಲ್ ಒಂದು ಅಡ್ಡ ಬರುತ್ತದೆ. ಹಾಡಿನ ಶ್ರುತಿಗೂ ಅದು ಸೇರುವುದಿಲ್ಲ, ತಾಳಕ್ಕೂ ಸೇರುವುದಿಲ್ಲ. ಮೊದಲ ಸಲ ಕೇಳಿದವರಿಗೆ ಬೇರೆ ಯಾವುದೋ ಆಡಿಯೊ ಜೊತೆಗೇ ಓಡುತ್ತಿದೆಯೇನೋ ಎನ್ನಿಸುತ್ತದೆ. ಮತ್ತೆ ಮತ್ತೆ ಬರುತ್ತದೆ. ಹಾಡು ಅದಕ್ಕೆ ಹೊಂದಿಕೊಳ್ಳುವುದಿಲ್ಲ, ಅದು ಹಾಡಿಗೆ ಜಾಗ ಬಿಡುವುದಿಲ್ಲ. ಪ್ರಭುತ್ವದ ಕರೆ ಮತ್ತು ಮನುಷ್ಯರ ಬದುಕು ಒಂದಕ್ಕೊಂದು ಹೇಗೆ ಕಿವುಡಾಗಿರುತ್ತವೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಭಾಷಣ ನನಗೆ ಗೊತ್ತಿಲ್ಲ. ಇನ್ನೊಂದು ಹಾಡಿನಲ್ಲಿ ಐವತ್ತರ ದಶಕದ ಎಡ್ಡಿ ಕಾಕ್ರನ್‌ನ ತಮಾಷೆಯ ರಾಕ್ ಅಂಡ್ ರೋಲ್ ಸಾಲೊಂದನ್ನು ಎರವಲು ಪಡೆದು ಶವಗಳ ಪಕ್ಕದಲ್ಲಿ ನಿಲ್ಲಿಸುತ್ತಾಳೆ. ಬೇಸಿಗೆಯಿಡೀ ಕೆಲಸ ಮಾಡಬೇಕಾದ, ಮಜಾ ಸಿಗದ ಹುಡುಗನೊಬ್ಬ ವಿಶ್ವಸಂಸ್ಥೆಗೆ ದೂರು ಕೊಡುವ ಬೆದರಿಕೆಯ ಸಾಲು ಅದು. ರಾಕ್‌ನ ಬಾಲ್ಯದ ತುಂಟತನ ಇಲ್ಲಿ ಕಹಿಯಾಗಿ ಮರಳುತ್ತದೆ. ಒಂದು ಸಂಗೀತ ಪರಂಪರೆಗೆ ಬುದ್ಧಿ ಬಲಿತ ಗುರುತು ಬೇಕೆಂದರೆ ನಾನು ಈ ಹಾಡನ್ನು ತೋರಿಸುತ್ತೇನೆ.

ಗ್ಯಾಲಿಪೊಲಿಯಲ್ಲಿ ಭಾರತದ ಸೈನಿಕರೂ ಸತ್ತರು. 1918ರ ಸೆಪ್ಟೆಂಬರಿನಲ್ಲಿ ಹೈಫಾದಲ್ಲಿ ಅದೇ ತುರ್ಕಿ ಸೇನೆಯ ಮೇಲೆ ಕುದುರೆಯೇರಿ ನುಗ್ಗಿದವರಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯೂ ಇತ್ತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಆ ಪಡೆಯ ಮೇಲೆ ಕಟ್ಟಿದ ರಾಕ್ ಹಾಡೊಂದನ್ನು ನಾನಿನ್ನೂ ಕೇಳಿಲ್ಲ. ಹಾರ್ವಿಯ ಆಲ್ಬಮ್ ಹೊಟ್ಟೆಕಿಚ್ಚು ಹುಟ್ಟಿಸುವುದು ಇಂಥ ಕಡೆಯೇ.

ಮೂರನೆಯದು ನನ್ನ ವಾದಕ್ಕೇ ಅಡ್ಡಗಾಲು ಹಾಕುವ ಆಲ್ಬಮ್. ನೈಜರ್ ದೇಶದ ಅಗಾದೆಜ್ ಸೀಮೆಯ ಮ್ದೂ ಮೊಕ್ತಾರ್ 2019ರಲ್ಲಿ ತಂದ ‘ಇಲಾನ’. ಸಹಾರಾದ ತುವಾರೆಗ್ ಜನರ ಗಿಟಾರ್ ಪರಂಪರೆಯನ್ನು ಜಗತ್ತಿಗೆ ತೋರಿಸಿದ್ದು ಮಾಲಿಯ ಟಿನಾರಿವೆನ್ ತಂಡ. ದಂಗೆ, ವಲಸೆ, ನಿರಾಶ್ರಿತರ ಶಿಬಿರಗಳ ನಡುವೆ ಬೆಳೆದ ಸಂಗೀತ ಅದು. ಮೊದಲು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಹಬ್ಬಿತು. 2012ರಲ್ಲಿ ಉತ್ತರ ಮಾಲಿಯನ್ನು ಹಿಡಿದ ಉಗ್ರರು ಸಂಗೀತವನ್ನೇ ನಿಷೇಧಿಸಿದಾಗ, ಆ ತಂಡ ತನ್ನ ಮುಂದಿನ ಆಲ್ಬಮ್ಮನ್ನು ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ಮರುಭೂಮಿಗೆ ಹೋಗಿ ರೆಕಾರ್ಡ್ ಮಾಡಬೇಕಾಯಿತು. ಮೊಕ್ತಾರ್ ಆ ತಂಡದವರ ನಂತರದ ಪೀಳಿಗೆಯವನು. ಮನೆಯಲ್ಲಿ ಗಿಟಾರ್ ಒಪ್ಪದಿದ್ದಾಗ ಹಲಗೆ ಕೊರೆದು, ಸೈಕಲ್ ಬ್ರೇಕ್‌ನ ತಂತಿ ಬಿಗಿದು ತಾನೇ ಮಾಡಿಕೊಂಡವನು. ಅವನ ಮೊದಲ ಹಾಡುಗಳು ಹಬ್ಬಿದ್ದು ಮೊಬೈಲ್ ಫೋನಿನ ಮೆಮೊರಿ ಕಾರ್ಡುಗಳಲ್ಲಿ, ಒಬ್ಬರಿಂದೊಬ್ಬರಿಗೆ ಕಾಪಿಯಾಗುತ್ತ. ಡೆಟ್ರಾಯಿಟ್‌ನಲ್ಲಿ ಧ್ವನಿಮುದ್ರಿಸಿದ ‘ಇಲಾನ’ದಲ್ಲಿ ಎಡಗೈಯಲ್ಲಿ, ಪ್ಲೆಕ್ಟ್ರಮ್ ಇಲ್ಲದೆ ನುಡಿಸುವ ಅವನ ಗಿಟಾರ್ ಮದುವೆ ಚಪ್ಪರದ ಹುರುಪಿನಲ್ಲೇ ಇದೆ. ಅವನು ಊರ ಮದುವೆಗಳಲ್ಲಿ ನುಡಿಸಿ ಪಳಗಿದವನೇ. ಲಂಡನ್ನಿನಲ್ಲಿ, ಲಾಸ್ ಏಂಜಲಿಸ್‌ನಲ್ಲಿ ಮುದುಕನಾದ ರಾಕ್, ಅಗಾದೆಜ್‌ನಲ್ಲಿ ಇನ್ನೂ ಜವ್ವನಿಗ. ಹಾಗಾದರೆ ವಯಸ್ಸಾದದ್ದು ರಾಕ್‌ಗೋ, ಅದನ್ನು ಹುಟ್ಟಿಸಿದ ಸಮಾಜಗಳಿಗೋ? ಎರಡನೆಯದೇ ಇರಬೇಕೆಂಬ ಶಂಕೆ ನನಗೆ. ಈ ಪ್ರಶ್ನೆ ಎತ್ತಿದ್ದಕ್ಕೇ ಮೂರನೆಯ ಸ್ಥಾನ.

ನಿಕ್ ಕೇವ್‌ನ ‘ಸ್ಕೆಲಿಟನ್ ಟ್ರೀ’ ನಾಲ್ಕನೆಯದು. 2015ರ ಜುಲೈನಲ್ಲಿ ಬ್ರೈಟನ್ ಬಳಿಯ ಕಡಿದಾದ ಬಂಡೆಯಿಂದ ಬಿದ್ದು ಕೇವ್‌ನ ಹದಿನೈದು ವರ್ಷದ ಮಗ ಆರ್ಥರ್ ಸತ್ತ. ಆಲ್ಬಮ್ ಬಂದದ್ದು 2016ರ ಸೆಪ್ಟೆಂಬರಿನಲ್ಲಿ. ಸಂದರ್ಶನಗಳಲ್ಲಿ ಮತ್ತೆ ಮತ್ತೆ ಅದನ್ನೇ ಹೇಳಬೇಕಾಗುತ್ತದೆಂದು ಕೇವ್ ಅವುಗಳ ಬದಲು ಆಂಡ್ರೂ ಡೊಮಿನಿಕ್‌ನಿಂದ ಒಂದು ಸಾಕ್ಷ್ಯಚಿತ್ರ ಮಾಡಿಸಿ, ಆಲ್ಬಮ್ಮಿಗೆ ಒಂದು ದಿನ ಮೊದಲು ತೋರಿಸಿದ. ವಿಚಿತ್ರವೆಂದರೆ ಇದರ ಹಾಡುಗಳಲ್ಲಿ ಹೆಚ್ಚಿನವು ಮಗ ಸಾಯುವ ಮೊದಲೇ ಬರೆದವು. ಆದರೂ ಒಂದೊಂದು ಸಾಲೂ ಆ ಸಾವಿನ ಬಗ್ಗೆಯೇ ಎಂಬಂತೆ ಕೇಳಿಸುತ್ತದೆ. ದುಃಖ ಇರುವುದು ಮಾತಿನಲ್ಲಲ್ಲ, ತಾಳ ತಪ್ಪಿ ಹಿಂದುಳಿಯುವ, ಶ್ರುತಿಗೆ ಸ್ವಲ್ಪ ಕೆಳಗೇ ಉಳಿಯುವ ದನಿಯಲ್ಲಿ. ಮಗುವಿನ ಸಾವಿನೆದುರು ಹೆಂಡತಿಯ ನೋಟ ತಾಳಲಾರದ ಗಂಡನ ಪದ್ಯವನ್ನು ಬೇಂದ್ರೆಯವರಿಂದ ಪಡೆದ ನಮಗೆ ಈ ದಾರಿ ಅಪರಿಚಿತ. ಬೇಂದ್ರೆಯವರ ದುಃಖ ಲಯವನ್ನು ಬಿಡುವುದಿಲ್ಲ, ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಕೇವ್‌ನ ದುಃಖ ಲಯವನ್ನೇ ಕೈಬಿಡುತ್ತದೆ. ಮೊದಲನೆಯದೇ ದೊಡ್ಡ ಕಲೆ ಎಂದು ನಾನು ಹಟ ಹಿಡಿಯಬಲ್ಲೆ. ಆದರೆ ರಾಕ್‌ನ ಮಟ್ಟಿಗೆ, ಡ್ರಮ್ಸ್‌ನ ಮೇಲೆ ನಿಂತ ಒಂದು ಸಂಗೀತ ಡ್ರಮ್ಸ್ ಅನ್ನು ಬಿಟ್ಟುಕೊಡುವುದು ಸಣ್ಣ ಮಾತಲ್ಲ. 2019ರ ‘ಗೋಸ್ಟೀನ್’ ಇನ್ನೂ ಮುಂದೆ ಹೋಗಿ ಡ್ರಮ್ಸ್ ಅನ್ನು ಬಹುತೇಕ ಅಳಿಸಿಯೇ ಹಾಕುತ್ತದೆ. ಹಲವರಿಗೆ ಅದೇ ಮೇಲು. ನನಗೆ ಅದರ ಸಾಂತ್ವನ ತುಸು ಅತಿಯಾಯಿತು, ದೇವದೂತರೂ ಜಾಸ್ತಿಯಾದರು.

ಐದನೆಯದು ಮೆಲ್ಬರ್ನ್‌ನ ಕೋರ್ಟ್ನಿ ಬಾರ್ನೆಟ್ 2015ರಲ್ಲಿ ತಂದ ಮೊದಲ ಆಲ್ಬಮ್. ಹೆಸರು ಒಂದು ಮಾರುದ್ದ: ‘ಸಮ್‌ಟೈಮ್ಸ್ ಐ ಸಿಟ್ ಅಂಡ್ ಥಿಂಕ್, ಅಂಡ್ ಸಮ್‌ಟೈಮ್ಸ್ ಐ ಜಸ್ಟ್ ಸಿಟ್’. ಆಗ ಅವಳಿಗೆ 27. ಅದರ ‘ಡಿಪ್ರೆಸ್ಟನ್’ ಹಾಡಿನಲ್ಲಿ ಜೋಡಿಯೊಂದು ದುಡ್ಡಿನ ಲೆಕ್ಕ ಹಾಕುತ್ತ ಪ್ರೆಸ್ಟನ್ ಎಂಬ ಬಡಾವಣೆಗೆ ಮನೆ ನೋಡಲು ಹೋಗುತ್ತದೆ. ಮನೆಯ ಒಡತಿ ತೀರಿಕೊಂಡಿದ್ದಾಳೆ. ಬಚ್ಚಲಿನಲ್ಲಿ ಮುದುಕಿ ಆಸರೆಗೆ ಹಿಡಿಯುತ್ತಿದ್ದ ಸರಳು, ಅಡುಗೆಮನೆಯಲ್ಲಿ ಕಾಫಿ, ಟೀ, ಹಿಟ್ಟಿನ ಡಬ್ಬಿಗಳು, ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದ ಹುಡುಗನ ಫೋಟೊ ಹಾಗೇ ಇವೆ. ಬ್ರೋಕರ್ ಮನೆ ಕೆಡವಿ ಕಟ್ಟುವ ಮಾತಾಡುತ್ತಾನೆ. ಹಾಡು ಎಲ್ಲೂ ದನಿ ಏರಿಸುವುದಿಲ್ಲ, ಗಿಟಾರಿನ ಅದೇ ಸೋಮಾರಿ ನಡಿಗೆ. ಬೋವಿಯೋ ಕೇವೋ ಸಾವಿನ ಬಗ್ಗೆ ಹಾಡುವುದರಲ್ಲಿ ಆಶ್ಚರ್ಯವಿಲ್ಲ. 27ರ ಹುಡುಗಿ ತನ್ನ ಚೊಚ್ಚಲ ಆಲ್ಬಮ್ಮಿನಲ್ಲಿ ಸತ್ತ ಮುದುಕಿಯ ಹಿಟ್ಟಿನ ಡಬ್ಬಿಯ ಮುಂದೆ ನಿಲ್ಲುತ್ತಾಳಲ್ಲ, ಅಲ್ಲಿಗೆ ಈ ದಶಕದ ಗಾಳಿ ಯಾವ ಕಡೆ ಬೀಸುತ್ತಿತ್ತೆಂದು ಗೊತ್ತಾಗುತ್ತದೆ.

ರೇಡಿಯೊಹೆಡ್‌ನ ‘ಎ ಮೂನ್ ಶೇಪ್ಡ್ ಪೂಲ್’ (2016) ಆರನೆಯದು. ಹಾಡುಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದ್ದಾರೆ, ಆದರೂ ಸರಣಿ ಬೇಕೆಂದೇ ಹೆಣೆದಂತಿದೆ. ಕೊನೆಯ ‘ಟ್ರೂ ಲವ್ ವೇಟ್ಸ್’ 1995ರಿಂದ ವೇದಿಕೆಯಲ್ಲಿ ಹಾಡುತ್ತಿದ್ದ ಪ್ರೇಮಗೀತೆ. ಇಪ್ಪತ್ತು ವರ್ಷ ಕಾದು, ಗಾಯಕ ಥಾಮ್ ಯಾರ್ಕ್‌ನ ದೀರ್ಘ ದಾಂಪತ್ಯ ಮುರಿದ ಮೇಲೆ, ಗಿಟಾರನ್ನು ತೆಗೆದು ಪಿಯಾನೊ ಇಟ್ಟು ಧ್ವನಿಮುದ್ರಿಸಿದರು. ಬೇಡಿಕೆಯಾಗಿದ್ದ ಹಾಡು ತಿಥಿಯೂಟದಂತಾಗಿದೆ. ತಂಡದ ಜಾನಿ ಗ್ರೀನ್‌ವುಡ್ 2015ರಲ್ಲಿ ಜೋಧಪುರದ ಮೆಹರಾನ್‌ಗಢ ಕೋಟೆಯಲ್ಲಿ ರಾಜಸ್ಥಾನಿ ಕಲಾವಿದರೊಂದಿಗೆ ಮಾಡಿದ ‘ಜುನೂನ್’ ಇದಕ್ಕಿಂತ ಹೆಚ್ಚು ಜೀವಂತವಾಗಿದೆ ಎಂದು ನನಗೆ ಆಗಾಗ ಅನ್ನಿಸುವುದುಂಟು. ಅದು ರಾಕ್ ಅಲ್ಲ ಎಂಬ ತಾಂತ್ರಿಕ ಕಾರಣಕ್ಕೆ ಹೊರಗಿಟ್ಟಿದ್ದೇನೆ. ಲೆನಾರ್ಡ್ ಕೋಹೆನ್‌ನ ಕೊನೆಯ ದಿನಗಳ ಆಲ್ಬಮ್ಮನ್ನು ಬಿಟ್ಟದ್ದಕ್ಕೂ ಇದೇ ಕಾರಣ.

ಬಿಟ್ಟವುಗಳ ಬಗ್ಗೆ ಎರಡು ಮಾತು. ಆರ್ಕೇಡ್ ಫೈರ್‌ನ ‘ದಿ ಸಬರ್ಬ್ಸ್’ 2011ರಲ್ಲಿ ವರ್ಷದ ಆಲ್ಬಮ್ ಎಂದು ಗ್ರ್ಯಾಮಿ ಗೆದ್ದಿತು. ಇಂದು ಅದು ಒಂದೇ ಮಾತನ್ನು ಹದಿನಾರು ಸಲ ಹೇಳುವ ನೆಂಟನ ಹಾಗೆ ಆಯಾಸ ತರಿಸುತ್ತದೆ. ಟೇಮ್ ಇಂಪಾಲಾದ ‘ಕರೆಂಟ್ಸ್’ ಸೊಗಸಾದ ಕೆಲಸ, ಇಲ್ಲವೆನ್ನುವುದಿಲ್ಲ. ಕೆವಿನ್ ಪಾರ್ಕರ್ ಒಬ್ಬನೇ ಕೂತು ಹಾಡಿ, ನುಡಿಸಿ, ಮಿಕ್ಸ್ ಮಾಡಿದ ಆಲ್ಬಮ್. ಆದರೆ ಅದರ ಕೊನೆಯ ಹಾಡನ್ನು ರಿಹಾನಾ ಮರುವರ್ಷ ಎತ್ತಿಕೊಂಡು ಹಾಡಿದಾಗ ಅದು ಮೊದಲಿನಿಂದಲೂ ಅವಳದೇ ಎಂಬಂತಿತ್ತು. ‘ಕರೆಂಟ್ಸ್’ ರಾಕ್ ಅನ್ನು ಬಿಟ್ಟು ಹೊರಡುವವನ ಆಲ್ಬಮ್. ಹೋಗಿ ಬರಲಿ.

ಏಳನೆಯ ಸ್ಥಾನಕ್ಕೆ ಎರಡು ಆಲ್ಬಮ್ ಕಾದಿವೆ. ಒಂದು ಫಿಲಡೆಲ್ಫಿಯಾದ ‘ದಿ ವಾರ್ ಆನ್ ಡ್ರಗ್ಸ್’ ತಂಡದ 2014ರ ‘ಲಾಸ್ಟ್ ಇನ್ ದಿ ಡ್ರೀಮ್’. ಆತಂಕದಿಂದ ನಿದ್ದೆಗೆಟ್ಟ ಆಡಮ್ ಗ್ರಾಂಡ್ಯುಸಿಯಲ್ ಎಂಬತ್ತರ ದಶಕದ ಹೆದ್ದಾರಿ ರಾಕ್ ಅನ್ನು ಮಂಜಿನಲ್ಲಿ ಅದ್ದಿ ತೆಗೆದದ್ದು. ಅರಮನೆ ಮೈದಾನದ ನನ್ನ ಗೆಳೆಯರಿಗೆ ಇದು ತಕ್ಷಣ ಹಿಡಿಸುತ್ತದೆ. ಇನ್ನೊಂದು ಡಬ್ಲಿನ್‌ನ ಫಾಂಟೇನ್ಸ್ ಡಿ.ಸಿ. 2019ರಲ್ಲಿ ತಂದ ‘ಡಾಗ್ರೆಲ್’. ಕವಿತೆಯ ಹುಚ್ಚಿನಿಂದ ಒಂದಾದ ಹುಡುಗರು ತಮ್ಮೂರಿನ ಉಚ್ಚಾರಣೆಯನ್ನು ತಿದ್ದದೆ, ಅರ್ಧ ಹಾಡಿ ಅರ್ಧ ಕೂಗಿ ಮಾಡಿದ ಆಲ್ಬಮ್. ಮುಪ್ಪಿನ ಬಗ್ಗೆ ಇಷ್ಟೆಲ್ಲ ಬರೆದ ಮೇಲೆ ನಾನು ಮೊದಲನೆಯದನ್ನೇ ಆರಿಸಬೇಕು. ಆದರೆ ಅದರಲ್ಲಿ ಹಳೆಯ ರಾಕ್‌ನ ಮೇಲಿನ ಪ್ರೀತಿ ಇದೆಯೇ ಹೊರತು ಅದಕ್ಕೆ ವಯಸ್ಸಾಗಿದೆ ಎಂಬ ಅರಿವಿಲ್ಲ. ಡಬ್ಲಿನ್ ಹುಡುಗರಿಗೆ ತಾವು ತಡವಾಗಿ ಬಂದೆವೆಂಬುದು ಗೊತ್ತು, ಅದಕ್ಕೇ ಅವರು ಅವಸರದಲ್ಲಿದ್ದಾರೆ. ಏಳನೆಯದು ‘ಡಾಗ್ರೆಲ್’.