ಚೌಕಟ್ಟಿನೊಳಗಿನ ಕಾಗೆ

ಗೋಡೆಯ ಅಚ್ಚುಚಿತ್ರಗಳ ಇತಿಹಾಸದಲ್ಲಿ ತಳೇಗಾಂವ ದಾಭಾಡೆಯ ಪರಿಸರಕ್ಕೆ ಒಂದು ಸ್ಥಾನವುಂಟು. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯವು ಕೆಲವೇ ವರ್ಷಗಳಲ್ಲಿ ಇದೇ ರೈಲುದಾರಿಯ ಮಳವಲಿಗೆ ಬಂದಿತು. ಅರಮನೆ ದೇವಾಲಯಗಳಲ್ಲಿದ್ದ ಲಕ್ಷ್ಮೀ ಸರಸ್ವತಿಯರು ಅಲ್ಲಿಂದ ಬಡವನ ಗೋಡೆಗೂ ಇಳಿದು ಬಂದರು. ಅದೇ ತಳೇಗಾಂವದ ಕನ್ನಡಿಗರೊಬ್ಬರ ಪಡಸಾಲೆಯಲ್ಲಿ ಇಂದು ದೇವಿಯ ಪಕ್ಕದಲ್ಲಿಯೇ ಆರ್. ಕೆ. ಲಕ್ಷ್ಮಣರ ಕಾಗೆಯೊಂದು ಗಾಜಿನ ಹಿಂದೆ ಕುಳಿತಿದೆ. ಈ ನೆರೆಹೊರೆ ವಿಚಾರಯೋಗ್ಯವಾದುದು.

ಲಕ್ಷ್ಮಣರು 1921ರಲ್ಲಿ ಮೈಸೂರಿನಲ್ಲಿ ಜನಿಸಿದರು. ಮನೆಮಾತು ತಮಿಳಾದರೂ ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ಯ ಪುಟಗಳಲ್ಲಿ ಅವರ ರೇಖೆ ಕನ್ನಡಿಗರಿಗೆ ಪರಿಚಿತವಾಯಿತು. ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ದಶಕಗಳ ಕಾಲ ‘ಶ್ರೀಸಾಮಾನ್ಯ’ನನ್ನು ಬರೆದ ಅವರು 2015ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಈ ದಿನಗೆಲಸದ ಜೊತೆಗೆ ಅವರು ಪ್ರೀತಿಯಿಂದ ಬರೆದುದು ಕಾಗೆಗಳನ್ನು.

ವ್ಯಂಗ್ಯಚಿತ್ರವನ್ನು ಚೌಕಟ್ಟಿಗೆ ಹಾಕಿದರೆ ಒಂದು ನಷ್ಟ ತಪ್ಪದು. ಅದು ಆ ದಿನದ ಸುದ್ದಿಯ ಕೂಸು. ಮಂತ್ರಿ ಯಾರು, ಹಗರಣ ಯಾವುದು ಎಂದು ಮನೆಯವರು ವಿವರಿಸತೊಡಗಿದೊಡನೆಯೇ ನಗೆ ಮಾಯವಾಗಿ ದಾಖಲೆಯಷ್ಟೇ ಉಳಿಯುವುದು. ಕಾಗೆಗೆ ಇಂತಹ ಟಿಪ್ಪಣಿ ಬೇಕಿಲ್ಲ.

ಹಾಗಾದರೆ ಇದರಲ್ಲಿ ಹಾಸ್ಯವೆಲ್ಲಿದೆ? ಮೊದಲನೆಯದಾಗಿ, ಸ್ಥಾನದ ಅಸಂಗತತೆಯಲ್ಲಿ. ಶನಿಯ ವಾಹನವೆಂದು ನಾವು ಮನೆಯೊಳಗೆ ಸೇರಿಸದ ಹಕ್ಕಿ ಇದು. ಶ್ರಾದ್ಧದ ದಿನ ಕರೆದು ಕಾಯುತ್ತೇವೆ, ಮರುದಿನ ಅಟ್ಟುತ್ತೇವೆ. ಅದನ್ನೇ ಹಣ ಕೊಟ್ಟು ತಂದು, ಮೊಳೆ ಹೊಡೆದು ಗೌರವಿಸಿದ್ದೇವೆ. ಎರಡನೆಯದಾಗಿ, ರೇಖೆಯ ಮಿತವ್ಯಯದಲ್ಲಿ. ದಟ್ಟ ಕಪ್ಪು, ಓರೆಯಾದ ಕತ್ತು, ಎಲ್ಲವನ್ನೂ ಬಲ್ಲೆನೆಂಬ ಕಣ್ಣು, ಇಷ್ಟರಿಂದಲೇ ಒಂದು ಸ್ವಭಾವ ಮೂಡಿದೆ. ಕಲಾವಿದನು ಕಾಗೆಗೆ ಮನುಷ್ಯನ ಟೋಪಿ ತೊಡಿಸಿ ನಗಿಸಲು ಹೊರಟಿಲ್ಲ. ಕಾಗೆ ಕಾಗೆಯಾಗಿಯೇ ನಮ್ಮನ್ನು ನೋಡುತ್ತದೆ, ನಗೆಗೀಡಾಗುವವರು ನಾವು. ಚೌಕಳಿಯ ಕೋಟು ತೊಟ್ಟ ಶ್ರೀಸಾಮಾನ್ಯನೂ ಹೀಗೆಯೇ ಕರೆಯದೆ ಬಂದು ಮಾತನಾಡದೆ ನೋಡಿದವನಲ್ಲವೆ? ಇಬ್ಬರೂ ಒಂದೇ ಕುಲದ ಸಾಕ್ಷಿಗಳೆಂದು ನನ್ನ ಮತ.

ಒಂದು ಆಕ್ಷೇಪಣೆಗೆ ಇಲ್ಲಿ ಎಡೆಯುಂಟು. ಸೋಫಾದ ಬಣ್ಣಕ್ಕೆ ಹೊಂದುವ ಚಿತ್ರ ಮೊನಚು ಕಳೆದುಕೊಳ್ಳುವುದಿಲ್ಲವೆ? ಕಳೆದುಕೊಳ್ಳಬಹುದು. ಅಗ್ಗದ ಮುದ್ರಣದಲ್ಲಿ ಕಪ್ಪು ಬೂದಿಯಾದರಂತೂ ಕಾಗೆ ಸತ್ತಂತೆಯೇ. ಆದರೆ ಅಚ್ಚು ಒಳ್ಳೆಯದಾಗಿದ್ದಲ್ಲಿ ನಿತ್ಯ ನೋಡಿದರೂ ಆ ಕಣ್ಣಿನ ಪ್ರಶ್ನೆ ಹಳತಾಗುವುದಿಲ್ಲ. ದೇವರ ಪಟ ಅಭಯವನ್ನು ಕೊಡುತ್ತದೆ. ಈ ಪಟ ನಮ್ಮ ಗಾಂಭೀರ್ಯವನ್ನು ಪರೀಕ್ಷಿಸುತ್ತದೆ. ಮನೆಗೆ ಎರಡೂ ಬೇಕು.

ನಮ್ಮ ಸಾಹಿತ್ಯಚರಿತ್ರೆಗಳು ವಿನೋದದ ಬರಹಕ್ಕೆ ಕೊಡುವ ಸ್ಥಾನವನ್ನು ವಿನೋದದ ರೇಖೆಗೂ ಕೊಡಬೇಕು. ‘ಕೊರವಂಜಿ’ಯ ಚಿತ್ರಗಳನ್ನು ಲೇಖನಗಳ ಅಲಂಕಾರವೆಂದಲ್ಲದೆ ಸ್ವತಂತ್ರ ಕೃತಿಗಳೆಂದು ಓದುವ ಕೆಲಸವನ್ನು ಹೊರನಾಡಿನ ಸಂಘಗಳೂ ಕೈಗೊಳ್ಳಬಹುದು.