ಹಸಿ ಸೌದೆಯ ಹೊಗೆ

ತರ್ಕದ ಪ್ರಶ್ನೆಗಳನ್ನು ಬಿಡಿಸುವ ಹವ್ಯಾಸ ಹಿಡಿದವರಿಗೆ, ಸರಿಯಾದ ಉತ್ತರಕ್ಕಿಂತಲೂ ಸರಿಯೆಂದು ತೋರಿ ಜಾರಿಹೋಗುವ ಉತ್ತರದಲ್ಲಿಯೇ ಹೆಚ್ಚಿನ ಸ್ವಾರಸ್ಯವುಂಟು. ಕಾನೂನು ಶಾಲೆಗಳ ಪ್ರವೇಶಕ್ಕಾಗಿ ಕ್ಲಾಟ್ ಪರೀಕ್ಷೆಗೆ ಓದುತ್ತಿರುವ ನೆರೆಮನೆಯ ಹುಡುಗಿ ಕಳೆದ ಭಾನುವಾರ ನಮ್ಮ ಜಗಲಿಯ ಮೇಲೆ ತೆರೆದಿಟ್ಟ ಪ್ರಶ್ನೆ ಅಂಥದು. ಒಂದು ಪ್ರಾಂತದಲ್ಲಿ 25 ವರ್ಷದ ವಿವಾಹಿತೆಯರನ್ನು ವಿಚಾರಿಸಲಾಗಿ, 18 ತುಂಬುವ ಮುನ್ನ ಮದುವೆಯಾದವರಿಗೆ ತಡವಾಗಿ ಆದವರಿಗಿಂತ ಹೆಚ್ಚು ಮಕ್ಕಳಿದ್ದುವು. ಆದ್ದರಿಂದ ಮದುವೆಯ ವಯಸ್ಸು ಏರಿದರೆ ತಾಯಿಯೊಬ್ಬಳು ಹೆರುವ ಮಕ್ಕಳ ಸಂಖ್ಯೆ ಇಳಿಯುವುದು. ಈ ವಾದವನ್ನು ಅತ್ಯಂತ ದುರ್ಬಲಗೊಳಿಸುವ ಹೇಳಿಕೆ ಯಾವುದು?

ಬೇಗ ಮದುವೆಯಾದ ಕೆಲವರಿಗೆ ಮಕ್ಕಳೇ ಇಲ್ಲವೆಂಬ ಮೊದಲನೆಯ ಆಯ್ಕೆಯನ್ನೂ, ವಿವಾಹದ ಕಾನೂನನ್ನು ಜನ ಪಾಲಿಸುವುದಿಲ್ಲವೆಂಬ ಎರಡನೆಯದನ್ನೂ ಅವಳು ತಾನೇ ತಳ್ಳಿಹಾಕಿದಳು. ಬೇಗ ಮದುವೆಯಾದವರು ಕಡಿಮೆ ಓದಿದವರೆಂಬ ಮೂರನೆಯದರ ಬಳಿ ಪೆನ್ಸಿಲ್ಲು ನಿಂತಿತು. "ಇದೇ ಅಲ್ಲವೇ, ತಾತ?"

ಕಾರಣವೆಂದು ತೋರುವುದರ ಜೊತೆ ಅಡಗಿ ನಿಂತ ಇಂಥ ಇನ್ನೊಂದು ಷರತ್ತನ್ನೇ ನಮ್ಮ ಹಳೆಯ ತಾರ್ಕಿಕರಾದ ನೈಯಾಯಿಕರು ಉಪಾಧಿಯೆಂದು ಕರೆದರು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆನ್ನುವವನ ಮುಂದೆ ಅವರು ಕಾದು ಕೆಂಪಾದ ಕಬ್ಬಿಣದ ಗುಂಡನ್ನಿಡುತ್ತಿದ್ದರು: ಅಲ್ಲಿ ಬೆಂಕಿಯುಂಟು, ಹೊಗೆಯಿಲ್ಲ, ಹೊಗೆಗೆ ಹಸಿ ಸೌದೆಯೂ ಕೂಡಬೇಕು. ಅಂಥ ಕಬ್ಬಿಣದ ಗುಂಡು ನಮ್ಮ ಪಕ್ಕದಲ್ಲಿಯೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 20ರಿಂದ 24 ವಯಸ್ಸಿನ ಸ್ತ್ರೀಯರಲ್ಲಿ 18ಕ್ಕೆ ಮೊದಲೇ ಮದುವೆಯಾದವರು ದೇಶದಲ್ಲಿ ಶೇಕಡ 23ರಷ್ಟಿದ್ದರೆ ಆಂಧ್ರಪ್ರದೇಶದಲ್ಲಿ 29ರಷ್ಟು. ಆದರೂ ಒಟ್ಟು ಫಲವತ್ತತೆಯ ದರ ದೇಶದಲ್ಲಿ 2.0 ಆಗಿದ್ದರೆ ಅಲ್ಲಿ ಕೇವಲ 1.7. ಬೇಗ ಮದುವೆ, ಬೇಗ ಎರಡು ಹೆರಿಗೆ, ಆಮೇಲೆ ಆಪರೇಷನ್ – ಇದು ಅಲ್ಲಿನ ಅಸಂಖ್ಯ ಹೆಣ್ಣುಮಕ್ಕಳ ಬಾಳಿನ ಕ್ರಮ.

ಆದರೂ ಮೂರನೆಯದು ಶಂಕೆಯನ್ನು ಹುಟ್ಟಿಸುವುದೇ ಹೊರತು ವಾದವನ್ನು ಮುರಿಯದು. ಓದಿನ ವ್ಯತ್ಯಾಸವಿದ್ದಮಾತ್ರಕ್ಕೆ ಮಕ್ಕಳ ವ್ಯತ್ಯಾಸ ಅದರಿಂದಲೇ ಬಂದಿತೆಂದು ಹೇಳಲಾಗದು. ನಾಲ್ಕನೆಯದನ್ನು ಓದಿಸಿದೆ: 45 ವರ್ಷ ತುಂಬುವ ವೇಳೆಗೆ ಎರಡೂ ಗುಂಪಿನವರಿಗೆ ಸರಿಸುಮಾರು ಒಂದೇ ಸಂಖ್ಯೆಯ ಮಕ್ಕಳು. ಅವಳು ಪ್ರಶ್ನೆಯ 25 ಎಂಬ ಅಂಕಿಗೆ ಹಿಂದಿರುಗಿ, ಅದರ ಸುತ್ತ ಮೆಲ್ಲನೆ ಗೆರೆಯೆಳೆದಳು. ಹದಿನಾರಕ್ಕೆ ಮದುವೆಯಾದವಳಿಗೆ ಆ ವೇಳೆಗೆ ಒಂಬತ್ತು ವರ್ಷದ ದಾಂಪತ್ಯ, ಇಪ್ಪತ್ನಾಲ್ಕಕ್ಕೆ ಆದವಳಿಗೆ ಒಂದೇ ವರ್ಷದ್ದು. ಪೈರು ಕೊಯ್ಲಿಗೆ ಬರುವ ಮೊದಲೇ ಇಳುವರಿಯನ್ನು ಅಳೆದಿದ್ದರು!

"ಹಾಗಾದರೆ ಬೇಗ ಮದುವೆ ಮಾಡಿದರೆ ತಪ್ಪಿಲ್ಲವೇ?" ಎಂದಳು, ಮುಖ ಸಣ್ಣದು ಮಾಡಿಕೊಂಡು. ಮುರಿದದ್ದು ಈ ಒಂದು ವಾದವಷ್ಟೇ ಎಂದೆ. 1894ರಲ್ಲಿ ಮೈಸೂರು ಸಂಸ್ಥಾನವು ಎಂಟು ತುಂಬದ ಹುಡುಗಿಯರ ಮದುವೆಯನ್ನು ನಿಷೇಧಿಸಿತು. 1929ರ ಶಾರದಾ ಕಾಯಿದೆ ಬ್ರಿಟಿಷ್ ಭಾರತದಲ್ಲಿ ಹುಡುಗಿಯರಿಗೆ ಹದಿನಾಲ್ಕರ ಮಿತಿಯನ್ನು ವಿಧಿಸಿತು. ಹುಡುಗಿಯ ಮೈ, ಓದು, ಅವಳ ಇಷ್ಟಾನಿಷ್ಟ, ಇವುಗಳ ಮೇಲೆ ನಿಂತ ವಾದಕ್ಕೆ ಮಕ್ಕಳ ಲೆಕ್ಕದ ಆಸರೆ ಬೇಕಿಲ್ಲ.

ಅವಳು ನಾಲ್ಕನೆಯದಕ್ಕೆ ಗುರುತು ಹಾಕಿ, "ಅವರು 45ರ ಹೆಂಗಸರನ್ನೇ ಕೇಳಬಹುದಿತ್ತಲ್ಲ?" ಎಂದಳು. ಕೇಳಬಹುದಿತ್ತು, ಆದರೆ ಅವರು ಹೇಳುವುದು ಇಪ್ಪತ್ತೈದು ಮೂವತ್ತು ವರ್ಷಗಳ ಹಿಂದಿನ ಮದುವೆಗಳ ಕಥೆಯನ್ನು.