‘ಲೂಸಿಯಾ’ದ ಬೆರಕೆ

ಪ್ರೇಮ, ಹಾಸ್ಯ, ಪತ್ತೇದಾರಿ, ಹಾಡು, ಹೊಡೆದಾಟ—ಇವನ್ನೆಲ್ಲ ಒಂದೇ ಚಿತ್ರದಲ್ಲಿ ತುಂಬುವುದು ನಮ್ಮ ಚಿತ್ರರಂಗಕ್ಕೆ ಹೊಸತಲ್ಲ. ಗಲ್ಲಾಪೆಟ್ಟಿಗೆಯ ಮೇಲೆ ಕಣ್ಣಿಟ್ಟ ಆ ಬೆರಕೆಯನ್ನು ಕಂಡು ವಿಮರ್ಶಕರು ಮೂಗು ಮುರಿದದ್ದೂ ಉಂಟು. ಹೀಗಿರುವಾಗ, ದೊಡ್ಡ ನಿರ್ಮಾಪಕರ ಹಂಗಿಲ್ಲದೆ, ನೂರಕ್ಕೂ ಮಿಕ್ಕ ಜನ ಕೂಡಿಸಿಕೊಟ್ಟ ಸುಮಾರು 50 ಲಕ್ಷ ರೂಪಾಯಿಯಲ್ಲಿ ತಯಾರಾದ ಪವನ್ ಕುಮಾರ್ ಅವರ ‘ಲೂಸಿಯಾ’ (2013) ಆ ಹಳೆಯ ಸರಕನ್ನೇ ಏಕೆ ಎತ್ತಿಕೊಂಡಿತು?

ಉತ್ತರ ಕಥೆಯಲ್ಲೇ ಇದೆ. ನಿದ್ದೆ ಬಾರದ ನಿಕ್ಕಿ ಹಳೆಯ ಚಿತ್ರಮಂದಿರವೊಂದರಲ್ಲಿ ಟಾರ್ಚು ಹಿಡಿದು ಜನರಿಗೆ ಕುರ್ಚಿ ತೋರಿಸುವವನು. ಒಂದು ಮಾತ್ರೆ ನುಂಗಿದನೆಂದರೆ ಕನಸಿನಲ್ಲಿ ಹೆಸರಾಂತ ನಟ. ಬಡವನ ಬಾಳು ಬಣ್ಣದಲ್ಲಿ, ನಟನ ಬಾಳು ಕಪ್ಪುಬಿಳುಪಿನಲ್ಲಿ. ಕಡೆಗೆ ತಿಳಿಯುತ್ತದೆ, ನಟನೇ ನಿಜ. ಟಾರ್ಚಿನ ಹುಡುಗ ಅವನು ಕಂಡ ಕನಸು.

ಇದು ಬರಿಯ ಚಮತ್ಕಾರವೆಂದು ತಳ್ಳಿಹಾಕುವುದು ಸುಲಭ. ಆದರೆ ಬಣ್ಣದ ಭಾಗವನ್ನು ಮತ್ತೊಮ್ಮೆ ನೋಡಬೇಕು. ಶ್ವೇತಾಳೊಡನೆ ಹುಡುಗನ ಒಲವು, ಮುನಿಸು, ಹಾಡು, ಚಿತ್ರಮಂದಿರದ ಶಂಕರಣ್ಣನನ್ನು ಹೆದರಿಸಲು ಬರುವ ಪುಂಡರು—ಒಂದೊಂದೂ ಜನಪ್ರಿಯ ಚಿತ್ರದ ಅಚ್ಚಿನಲ್ಲೇ ಎರಕವಾಗಿದೆ. ಆಗಲೇಬೇಕು! ಚಿತ್ರಗಳಲ್ಲೇ ಬದುಕು ಸವೆಸಿದವನಿಗೆ ಸಾಮಾನ್ಯನ ಸುಖವನ್ನು ಕನಸಲು ಕೂಡ ಬೇರೆ ಅಚ್ಚು ಎಲ್ಲಿಂದ ಬರಬೇಕು? ಅತ್ತ ಕಪ್ಪುಬಿಳುಪಿನ ಭಾಗ ನಿಧಾನವಾಗಿ, ಒಣದಾಗಿ, ವಾಸ್ತವದ ಜಾಡಿನಲ್ಲಿ ಸಾಗುತ್ತದೆ. ಯಾವುದು ನನಸು ಎಂಬ ಗುಟ್ಟನ್ನು ನಿರ್ದೇಶಕರು ಪ್ರಕಾರಗಳ ಮೂಲಕವೇ ಮೊದಲಿನಿಂದ ಹೇಳುತ್ತಿದ್ದಾರೆ. ನಾವು ಬಣ್ಣಕ್ಕೆ ಮರುಳಾಗಿ ಕೇಳಿಸಿಕೊಳ್ಳುವುದಿಲ್ಲ. ನಟನ ಒಂಟಿತನವೇ ಇಲ್ಲಿನ ಅಂಗಿ, ಶೃಂಗಾರ ಹಾಸ್ಯಗಳು ಅದಕ್ಕೆ ಅಂಗ. ನಮ್ಮ ಅಲಂಕಾರಿಕರು ಒಪ್ಪುತ್ತಿದ್ದ ಬೆರಕೆ ಇದು.

ಪತ್ತೇದಾರಿಯ ಎಳೆಗೆ ಈ ಮಾತು ಸಲ್ಲದು. ಆಸ್ಪತ್ರೆಯ ಹಾಸಿಗೆಯ ಮೇಲೆ ಪ್ರಜ್ಞೆ ತಪ್ಪಿ ಮಲಗಿರುವವನ ಸುತ್ತ ನಡೆಯುವ ತನಿಖೆ ಯಾರ ಕನಸೂ ಅಲ್ಲ, ಯಾರ ಅಳಲೂ ಅಲ್ಲ. ನಮಗೆ ಕಥೆ ಬಿಡಿಸಿ ಹೇಳುವ ಊಳಿಗಕ್ಕಷ್ಟೇ ಬಂದದ್ದು. ಎರಡು ಲೋಕಗಳು ಒಂದರ ಮೇಲೊಂದು ಚಾಚಿಕೊಳ್ಳುತ್ತಿರುವಾಗ ಅದು ನಡುವೆ ಬಂದು ಕೆಮ್ಮುತ್ತದೆ. ಪ್ರೇಕ್ಷಕನ ಹಣದಿಂದ ಆದ ಚಿತ್ರ ಪ್ರೇಕ್ಷಕನ ಬುದ್ಧಿಯನ್ನು ಇನ್ನಷ್ಟು ನಂಬಬಹುದಿತ್ತು.

ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಟ್ಟವರು ಸತೀಶ್ ನೀನಾಸಂ. ಬಣ್ಣದಲ್ಲಿ ಅವರ ಮಾತು ಅರಳು ಹುರಿದಂತೆ. ಕಪ್ಪುಬಿಳುಪಿನಲ್ಲಿ ಅದೇ ಮುಖ, ಆದರೆ ಎದುರಿಗಿದ್ದವರು ಎರಡು ಸಲ ಕೇಳಿದರೆ ಒಂದು ಸಲ ಉತ್ತರ.